ಆರು ತಿಂಗಳಾಯ್ತು, ಇನ್ನು ಆಡಬಹುದಾ?

ಈ ಸಂಚಿಕೆ ಹುಟ್ಟಿದ್ದು ಸೌದಿ ಅರೇಬಿಯಾದ ಜುಬೈಲ್‌ನಿಂದ ಬಂದ ಒಂದು ವಾಯ್ಸ್ ಮೆಸೇಜ್‌ನಿಂದ. ಕಳಿಸಿದವರು ಉಡುಪಿ ಕಡೆಯವರು, ಅಲ್ಲಿ ಕಾರ್ಖಾನೆಯೊಂದರಲ್ಲಿ ಕೆಲಸ, ವಯಸ್ಸು ಇಪ್ಪತ್ತೊಂಬತ್ತು. ಹೆಸರು ಬೇಡ ಅಂದಿದ್ದಾರೆ, ಹಾಗಾಗಿ ಹೇಳಲ್ಲ. ಫುಟ್‌ಬಾಲ್ ಹುಚ್ಚು ಎಷ್ಟಿದೆ ಅನ್ನೋದಕ್ಕೆ ಒಂದೇ ಉದಾಹರಣೆ ಸಾಕು. 2023ರ ಮಾರ್ಚ್ 4ರಂದು ರಿಯಾದ್‌ನ ಕಿಂಗ್ ಫಹದ್ ಸ್ಟೇಡಿಯಂನಲ್ಲಿ ನಮ್ಮ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ, 54 ವರ್ಷಗಳ ನಂತರ ಸಂತೋಷ್ ಟ್ರೋಫಿ ಗೆದ್ದಿತಲ್ಲ, ಆ ಫೈನಲ್ ನೋಡೋಕೆ ಜುಬೈಲ್‌ನಿಂದ ಮರುಭೂಮಿ ದಾಟಿ ಕಾರು ಓಡಿಸಿಕೊಂಡು ಹೋಗಿದ್ದವರು ಇವರು.

ಗುರುವಾರ ರಾತ್ರಿ ಅಂದರೆ ಅಲ್ಲಿ ವಾರದ ರಜೆ ಶುರು. ಇಸ್ತಿರಾಹ ಅಂತ ಬಾಡಿಗೆಗೆ ಸಿಗುವ ಕಾಂಪೌಂಡ್ ಇರುತ್ತೆ, ಒಳಗೆ ಕೃತಕ ಹುಲ್ಲಿನ ಸಣ್ಣ ಅಂಗಳ, ಸುತ್ತ ಬಲೆ, ಮೇಲೆ ದೀಪ. ಹೀಗೇ ಒಂದು ಗುರುವಾರ ಚೆಂಡು ಹಿಡಿದು ಓಡುತ್ತಾ ಗಕ್ಕನೆ ತಿರುಗಿದರು. ಯಾರೂ ಮುಟ್ಟಿಲ್ಲ, ಯಾರೂ ತಳ್ಳಿಲ್ಲ. ಮಂಡಿಯೊಳಗೆ ‘ಟಪ್’ ಅಂತ ಸದ್ದು ಕೇಳಿತು, ಕೆಳಗೆ ಬಿದ್ದರು. ಎಮ್‌ಆರ್‌ಐನಲ್ಲಿ ಎಸಿಎಲ್ ಹರಿದಿದೆ ಅಂತ ಗೊತ್ತಾಯಿತು. ರಜೆ ಹಾಕಿ ಊರಿಗೆ ಬಂದು ಮಂಗಳೂರಿನಲ್ಲಿ ಆಪರೇಷನ್ ಮಾಡಿಸಿಕೊಂಡು, ಮತ್ತೆ ಡ್ಯೂಟಿಗೆ ಹೋದರು.

ಈಗ ಅವರ ಮೆಸೇಜ್: “ಸರ್, ಆಪರೇಷನ್ ಆಗಿ ಆರು ತಿಂಗಳಾಯ್ತು ಮಾರಾಯ್ರೆ. ನೋವಿಲ್ಲ, ಊತ ಇಲ್ಲ, ಓಡ್ಲಿಕ್ಕೂ ಆಗ್ತದೆ. ಮುಂದಿನ ತಿಂಗಳು ನಮ್ಮ ಟೂರ್ನಮೆಂಟ್ ಉಂಟು. ಆಡ್ಬಹುದಲ್ಲ?”

ನಾನು ಡಾಕ್ಟರಲ್ಲ, ಆಡಿ, ಬೇಡ ಅಂತ ಹೇಳೋ ಅಧಿಕಾರ ನನಗಿಲ್ಲ. ಆದರೆ ಅವರ ಪ್ರಶ್ನೆಯ ಮೊದಲ ಮಾತೇ ನನಗೆ ಅಂಟಿಕೊಂಡಿತು. ಆರು ತಿಂಗಳಾಯ್ತು. ನಾವೆಲ್ಲ ಲೆಕ್ಕ ಹಾಕೋದೇ ಹೀಗೆ, ಕ್ಯಾಲೆಂಡರ್ ನೋಡಿ. ಮಂಡಿಗೆ ಕ್ಯಾಲೆಂಡರ್ ಓದೋಕೆ ಬರಲ್ಲ ಅನ್ನೋದೇ ಇವತ್ತಿನ ವಿಷಯ.

ಸೌದಿಯ ವಿಚಾರ ಬಂದ ಮೇಲೆ ಅಲ್ಲಿನ ಅತ್ಯಂತ ಪ್ರಸಿದ್ಧ ಮಂಡಿಯ ಬಗ್ಗೆ ಹೇಳದಿದ್ದರೆ ಹೇಗೆ? ನೇಮರ್. ರಿಯಾದ್‌ನ ಅಲ್ ಹಿಲಾಲ್ ಕ್ಲಬ್ 2023ರ ಆಗಸ್ಟ್‌ನಲ್ಲಿ ಅವರನ್ನು ಕರೆತಂದಿತು. ಐದು ಪಂದ್ಯ ಆಡಿದ್ದರಷ್ಟೇ. ಅಕ್ಟೋಬರ್ 17ರಂದು ಬ್ರೆಜಿಲ್ ಪರವಾಗಿ ಉರುಗ್ವೆ ವಿರುದ್ಧ ಆಡುವಾಗ ಎಡ ಮಂಡಿಯ ಎಸಿಎಲ್ ಹರಿಯಿತು, ಜೊತೆಗೆ ಮೆನಿಸ್ಕಸ್ ಕೂಡ. ನವೆಂಬರ್‌ನಲ್ಲಿ ಶಸ್ತ್ರಚಿಕಿತ್ಸೆ. ಮತ್ತೆ ಅವರು ಪಂದ್ಯಕ್ಕೆ ಇಳಿದದ್ದು 2024ರ ಅಕ್ಟೋಬರ್ 21ಕ್ಕೆ, ಅಲ್ ಐನ್ ವಿರುದ್ಧ, 77ನೇ ನಿಮಿಷದಲ್ಲಿ ಬದಲಿ ಆಟಗಾರನಾಗಿ. ಒಂದು ವರ್ಷದ ಮೇಲೆ ನಾಲ್ಕು ದಿನ! ಜಗತ್ತಿನ ಯಾವ ವೈದ್ಯ, ಯಾವ ಯಂತ್ರ ಬೇಕೆಂದರೂ ಸಿಗುವ ಮನುಷ್ಯನಿಗೆ ಬೇಕಾದ ಸಮಯ ಅದು. ಇಷ್ಟಾಗಿಯೂ ಎರಡು ವಾರ ಕಳೆದು, ನವೆಂಬರ್ 4ರಂದು ರಿಯಾದ್‌ನಲ್ಲಿ ಎಸ್ತೆಗ್ಲಾಲ್ ವಿರುದ್ಧ ಬದಲಿಯಾಗಿ ಬಂದು ಸುಮಾರು ಅರ್ಧ ಗಂಟೆಯಲ್ಲೇ ತೊಡೆಯ ಹಿಂಭಾಗ ಹಿಡಿದುಕೊಂಡು ಹೊರನಡೆದರು. ಹ್ಯಾಮ್‌ಸ್ಟ್ರಿಂಗ್ ಗಾಯ. 2025ರ ಜನವರಿಯಲ್ಲಿ ಕ್ಲಬ್ ಮತ್ತು ನೇಮರ್ ಒಪ್ಪಂದ ಮುಗಿಸಿಕೊಂಡರು. ಅಲ್ ಹಿಲಾಲ್ ಪರ ಆಡಿದ್ದು ಒಟ್ಟು ಏಳು ಪಂದ್ಯ. ಆ ಎರಡನೇ ಗಾಯಕ್ಕೆ ಮೊದಲನೆಯದೇ ಕಾರಣ ಅಂತ ನಾನು ಹೇಳ್ತಿಲ್ಲ, ಹೊರಗೆ ಕೂತು ಹಾಗೆ ಹೇಳೋಕೆ ಬರಲ್ಲ. ಎಸಿಎಲ್ ಒಮ್ಮೆ ಹರಿದವರಲ್ಲಿ ಹ್ಯಾಮ್‌ಸ್ಟ್ರಿಂಗ್ ಗಾಯ ಹೆಚ್ಚು ಅನ್ನೋದು ಮಾತ್ರ ಅಧ್ಯಯನಗಳಲ್ಲಿ ಕಂಡುಬಂದ ಸಂಗತಿ.

ಸರಿ, ಈ ಎಸಿಎಲ್ ಅಂದರೇನು? ತೊಡೆಮೂಳೆಗೂ ಮೊಣಕಾಲಿನ ಕೆಳಗಿನ ಮೂಳೆಗೂ ನಡುವೆ, ಮಂಡಿಯ ಒಳಗೆ ಓರೆಯಾಗಿ ಹಾದುಹೋಗುವ ಅಸ್ಥಿರಜ್ಜು. ಉದ್ದ ಸುಮಾರು ಮೂರು ಸೆಂಟಿಮೀಟರ್, ನಮ್ಮ ಹೆಬ್ಬೆರಳಿನ ಅರ್ಧ ಅಂದುಕೊಳ್ಳಿ. ಕೆಳಗಿನ ಮೂಳೆ ಮುಂದಕ್ಕೆ ಜಾರದಂತೆ, ಅತಿಯಾಗಿ ತಿರುಚಿಕೊಳ್ಳದಂತೆ ಹಿಡಿದಿಡೋದು ಅದರ ಕೆಲಸ. ಇಷ್ಟು ಎಲ್ಲರಿಗೂ ಗೊತ್ತು, ಹಗ್ಗದ ಕೆಲಸ.

ಆದರೆ ಅದು ಬರೀ ಹಗ್ಗ ಅಲ್ಲ. ಹಗ್ಗಕ್ಕೆ ಗಂಟೆ ಕಟ್ಟಿದೆ. ಅದರೊಳಗೆ ಸೂಕ್ಷ್ಮ ನರತುದಿಗಳಿವೆ. ಮಂಡಿ ಎಷ್ಟು ಬಾಗಿದೆ, ಎಷ್ಟು ಎಳೆತ ಬಿದ್ದಿದೆ ಅಂತ ಬೆನ್ನುಹುರಿಗೂ ಮೆದುಳಿಗೂ ಕ್ಷಣಕ್ಷಣಕ್ಕೂ ಸುದ್ದಿ ಹೋಗುತ್ತಿರುತ್ತೆ. ಹರಿದಾಗ ಹಗ್ಗದ ಜೊತೆ ಗಂಟೆಯೂ ಹೋಯಿತು. ಶಸ್ತ್ರಚಿಕಿತ್ಸಕರು ನಿಮ್ಮದೇ ಹ್ಯಾಮ್‌ಸ್ಟ್ರಿಂಗ್‌ನಿಂದಲೋ ಮಂಡಿಚಿಪ್ಪಿನ ಕೆಳಗಿನಿಂದಲೋ ಒಂದು ಪಟ್ಟಿ ತೆಗೆದು ಹೊಸ ಹಗ್ಗ ಕಟ್ಟುತ್ತಾರೆ, ಅದ್ಭುತವಾಗಿ ಕಟ್ಟುತ್ತಾರೆ. ಗಂಟೆ ಕಟ್ಟೋಕೆ ಆಗಲ್ಲ.

ಆ ಹೊಸ ಹಗ್ಗಕ್ಕೂ ಒಂದು ವಿಚಿತ್ರ ಕಥೆ ಇದೆ. ಹಾಕಿದ ದಿನ ಅದು ಗಟ್ಟಿ. ಆಮೇಲೆ ರಕ್ತಪೂರೈಕೆ ಇಲ್ಲದೆ ಅದರ ಜೀವಕೋಶಗಳು ಸಾಯುತ್ತವೆ, ಹೊಸ ರಕ್ತನಾಳ ಬೆಳೆಯುತ್ತೆ, ನಾರು ಮತ್ತೆ ಜೋಡಣೆಯಾಗುತ್ತೆ. ಮೊದಲ ಕೆಲವು ತಿಂಗಳಲ್ಲಿ ಅದು ಹಾಕಿದ ದಿನಕ್ಕಿಂತ ದುರ್ಬಲ. ಪೂರ್ತಿ ಮಾಗೋದಕ್ಕೆ ಒಂದು ವರ್ಷ, ಕೆಲವರಲ್ಲಿ ಅದಕ್ಕೂ ಹೆಚ್ಚು. ಅಂದರೆ ನೋವು ಹೋಗೋದು ಬೇಗ, ಹಗ್ಗ ಮಾಗೋದು ತಡ. ನಮ್ಮ ಜುಬೈಲ್ ಗೆಳೆಯರ ಹಾಗೆ ಬಹಳ ಜನ ಎಡವೋದು ಈ ಎರಡರ ನಡುವಿನ ಸಂದಿಯಲ್ಲೇ.

ಇನ್ನು ಸ್ನಾಯು. ಆಪರೇಷನ್ ಆದವರು ಒಂದು ಮಾತು ಹೇಳ್ತಾರೆ: “ತೊಡೆ ಬಿಗಿ ಮಾಡು ಅಂದ್ರೆ ಆಗೋದೇ ಇಲ್ಲ, ಕಾಲು ನನ್ನದೇ ಅಲ್ಲ ಅನ್ಸುತ್ತೆ.” ಇದು ಸೋಮಾರಿತನ ಅಲ್ಲ, ಭಯವೂ ಅಲ್ಲ. ಆರೋಗ್ಯವಂತರ ಮಂಡಿಯೊಳಗೆ ಸ್ವಲ್ಪ ಉಪ್ಪುನೀರಿನ ದ್ರಾವಣ ತುಂಬಿಸಿ ನೋಡಿದ ಹಳೆಯ ಪ್ರಯೋಗಗಳಿವೆ. ಗಾಯ ಇಲ್ಲ, ನೋವೂ ಅಷ್ಟಿಲ್ಲ. ಆದರೂ ತೊಡೆಯ ಮುಂಭಾಗದ ಕ್ವಾಡ್ರಿಸೆಪ್ಸ್ ಸ್ನಾಯುವಿಗೆ ಹೋಗುವ ಆದೇಶ ಕ್ಷೀಣಿಸಿತು. ಮಂಡಿ ಊದಿದ ತಕ್ಷಣ ನರವ್ಯೂಹವೇ ಸ್ವಿಚ್ ಅರ್ಧ ಆಫ್ ಮಾಡಿಬಿಡುತ್ತೆ. ಊತ ಇಳಿದ ಮೇಲೂ ಆ ಸ್ವಿಚ್ ತಾನಾಗಿ ಆನ್ ಆಗಲ್ಲ. ಫಿಸಿಯೋಥೆರಪಿಸ್ಟ್ ಮೊದಲ ವಾರದಲ್ಲೇ ತೊಡೆಗೆ ವಿದ್ಯುತ್ ಪ್ಯಾಡ್ ಅಂಟಿಸಿ ಸ್ನಾಯುವನ್ನು ಕುಣಿಸೋದು ಇದಕ್ಕೇ.

ಈಗ ಬರೋದು ನನಗೆ ಇಡೀ ವಿಷಯದಲ್ಲಿ ಅತ್ಯಂತ ಆಶ್ಚರ್ಯ ಅನಿಸಿದ ಭಾಗ. ನಾರ್ವೆಯ ಸಂಶೋಧಕರು ಹ್ಯಾಂಡ್‌ಬಾಲ್, ಬ್ಯಾಸ್ಕೆಟ್‌ಬಾಲ್ ಪಂದ್ಯಗಳಲ್ಲಿ ಎಸಿಎಲ್ ಹರಿದ ಘಟನೆಗಳ ವಿಡಿಯೊ ತೆಗೆದುಕೊಂಡು ಫ್ರೇಮ್ ಫ್ರೇಮ್ ಬಿಡಿಸಿ ನೋಡಿದರು. ಪಾದ ನೆಲ ಮುಟ್ಟಿದ ಮೇಲೆ ಸುಮಾರು 40 ಮಿಲಿಸೆಕೆಂಡ್‌ನಲ್ಲಿ ಕೆಲಸ ಮುಗಿದಿರುತ್ತೆ ಅಂತ ಅವರ ಅಂದಾಜು. ಕಣ್ಣು ಮಿಟುಕಿಸೋಕೂ ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಮಂಡಿಯಿಂದ ಸುದ್ದಿ ಹೋಗಿ, ಆದೇಶ ಬಂದು, ಸ್ನಾಯು ಬಿಗಿಯಾಗಿ ಮೂಳೆಯನ್ನು ಹಿಡಿಯುವಷ್ಟರಲ್ಲಿ ಹಗ್ಗ ಹರಿದಾಗಿದೆ.

ಹಾಗಾದರೆ ನಮ್ಮನ್ನು ದಿನಾ ಕಾಪಾಡ್ತಿರೋದು ಏನು? ಮುಂಚಿತ ತಯಾರಿ. ಕತ್ತಲಲ್ಲಿ ಮೆಟ್ಟಿಲು ಇಳಿಯುವಾಗ ಇನ್ನೊಂದು ಮೆಟ್ಟಿಲು ಇದೆ ಅಂದುಕೊಂಡು ಕಾಲಿಟ್ಟು, ಅಲ್ಲಿ ನೆಲವೇ ಸಿಕ್ಕಿ, ಇಡೀ ಮೈ ಜುಮ್ಮೆಂದಿದ್ದು ನೆನಪಿದೆಯಾ? ಕಾಲು ನೆಲ ಮುಟ್ಟುವ ಮುಂಚೆಯೇ ಮೆದುಳು ಲೆಕ್ಕ ಹಾಕಿ ಸ್ನಾಯುಗಳನ್ನು ಬಿಗಿ ಮಾಡಿಟ್ಟಿತ್ತು, ಲೆಕ್ಕ ತಪ್ಪಿತು. ಆಟದಲ್ಲೂ ಅಷ್ಟೇ. ಪಾದ ಗಾಳಿಯಲ್ಲಿರುವಾಗಲೇ ಹ್ಯಾಮ್‌ಸ್ಟ್ರಿಂಗ್, ಪೃಷ್ಠದ ಸ್ನಾಯು, ಸೊಂಟ ಎಲ್ಲ ಸಿದ್ಧವಾಗಿರಬೇಕು. ಆ ಲೆಕ್ಕವನ್ನು ಹೊಸ ಮಂಡಿಗೆ ತಕ್ಕಂತೆ ಮತ್ತೆ ಕಲಿಸೋದಕ್ಕೇ ನರ-ಸ್ನಾಯು ತರಬೇತಿ ಅನ್ನೋದು. ಜಿಮ್‌ನಲ್ಲಿ ತೊಡೆ ದಪ್ಪ ಮಾಡಿಕೊಳ್ಳೋದು ಬೇಕೇ ಬೇಕು, ಆದರೆ ಅದು ಇದರ ಒಂದು ಪಾಲು ಮಾತ್ರ.

ನೋಡೋಕೆ ಈ ತರಬೇತಿ ತಮಾಷೆಯಾಗಿರುತ್ತೆ. ಒಂಟಿ ಕಾಲಲ್ಲಿ ನಿಲ್ಲೋದು, ಆಮೇಲೆ ಮೆತ್ತನೆ ದಿಂಬಿನ ಮೇಲೆ ನಿಲ್ಲೋದು, ಆಮೇಲೆ ನಿಂತಿರುವಾಗಲೇ ಯಾರೋ ಚೆಂಡು ಎಸೆಯೋದು. ಸಣ್ಣ ಮೆಟ್ಟಿಲಿನಿಂದ ನಿಧಾನವಾಗಿ ಇಳಿಯೋದು, ಎದುರಿಗೆ ಕನ್ನಡಿ ಇಟ್ಟುಕೊಂಡು. ಯಾಕೆಂದರೆ ಮಂಡಿ ಒಳಕ್ಕೆ, ಇನ್ನೊಂದು ಕಾಲಿನ ಕಡೆಗೆ ಬೀಳ್ತಿದೆಯಾ ಅಂತ ಕಣ್ಣಿಗೆ ಕಾಣಬೇಕು. ಮಂಡಿ ನೆಟ್ಟಗಿದ್ದು ಒಳಕ್ಕೆ ವಾಲಿ ತಿರುಚುವ ಆ ಭಂಗಿಯೇ ಅಪಾಯದ್ದು. ಜಿಗಿದು ಇಳಿಯೋದು ಬರೋದು ಇನ್ನೂ ಆಮೇಲೆ. ಇಲ್ಲಿ ಫಿಸಿಯೋ ಕಿವಿ ಕೊಟ್ಟು ಕೇಳ್ತಾರೆ. ‘ಧಪ್’ ಅಂತ ಸದ್ದಾದರೆ ಮತ್ತೆ ಮಾಡು ಅಂತಾರೆ. ಬೆಕ್ಕು ಗೋಡೆಯಿಂದ ಇಳಿದ ಹಾಗೆ ಮಂಡಿ, ಸೊಂಟ ಬಾಗಿಸಿ ಸದ್ದಿಲ್ಲದೆ ಇಳಿಯಬೇಕು. ಅದು ಬಂದ ಮೇಲೆ ಒಂಟಿ ಕಾಲು, ಆಮೇಲೆ ಓಡುತ್ತಾ ನಿಲ್ಲೋದು, ತಿರುಗೋದು. ಮೊದಲು ಗೊತ್ತಿದ್ದ ದಿಕ್ಕಿಗೆ. ಕೊನೆಯಲ್ಲಿ ಯಾವ ದಿಕ್ಕು ಅಂತ ಕೊನೇ ಕ್ಷಣದಲ್ಲಿ ಕೂಗಿ ಹೇಳ್ತಾರೆ.

ಆ ಕೊನೇ ಹಂತ ಯಾಕೆ ಮುಖ್ಯ ಅಂದರೆ, ಎಸಿಎಲ್ ಆಪರೇಷನ್ ಆದವರ ಮೆದುಳನ್ನು ಎಫ್‌ಎಮ್‌ಆರ್‌ಐನಲ್ಲಿ ನೋಡಿದಾಗ ಒಂದು ಸಂಗತಿ ಹೊರಬಿತ್ತು. ಸುಮ್ಮನೆ ಮಂಡಿ ಮಡಚಿ ನೀಡುವಾಗಲೂ ದೃಷ್ಟಿಗೆ ಸಂಬಂಧಪಟ್ಟ ಭಾಗಗಳು ಉಳಿದವರಿಗಿಂತ ಹೆಚ್ಚು ದುಡಿಯುತ್ತಿದ್ದವು. ಗಂಟೆ ಇಲ್ಲದ ಮಂಡಿಯನ್ನು ಮೆದುಳು ಕಣ್ಣಿನಿಂದ ಕಾಯೋಕೆ ಶುರು ಮಾಡಿದೆ ಅಂತ ಇದನ್ನು ಅರ್ಥಮಾಡಿಕೊಳ್ಳುತ್ತಾರೆ. ಖಾಲಿ ಮೈದಾನದಲ್ಲಿ ಇದರಿಂದ ತೊಂದರೆ ಇಲ್ಲ. ಪಂದ್ಯದಲ್ಲಿ ಕಣ್ಣಿಗೆ ಬೇರೆ ಕೆಲಸ ಇದೆಯಲ್ಲ, ಚೆಂಡು, ಎದುರಾಳಿ, ಗೋಲು! ಹಾಗಾಗಿ ಕಣ್ಣನ್ನು ಬೇರೆಡೆ ತೊಡಗಿಸಿ ಕಾಲಿಗೆ ಕೆಲಸ ಕೊಡುವ ಅಭ್ಯಾಸ ಬೇಕು. ಒಬ್ಬರೇ ಟ್ರೆಡ್‌ಮಿಲ್ ಮೇಲೆ ಓಡಿ “ನಾನು ರೆಡಿ” ಅನ್ನೋದಕ್ಕೂ ಐದು ಜನರ ನಡುವೆ ತಿರುಗೋದಕ್ಕೂ ಇರುವ ವ್ಯತ್ಯಾಸ ಇದೇ.

ಸಿದ್ಧವಾಗಿದೆ ಅಂತ ತಿಳಿಯೋದು ಹೇಗೆ? ಪರೀಕ್ಷೆ ಮಾಡಿ. ಅಮೆರಿಕದ ಡೆಲವೇರ್ ಮತ್ತು ನಾರ್ವೆಯ ಓಸ್ಲೋದ ತಂಡ ಸೇರಿ 106 ಜನರನ್ನು ಎರಡು ವರ್ಷ ಹಿಂಬಾಲಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನ ಇದೆ. ಒಂಬತ್ತನೇ ತಿಂಗಳವರೆಗೆ, ಆಟಕ್ಕೆ ಮರಳೋದನ್ನು ಒಂದೊಂದು ತಿಂಗಳು ಮುಂದೂಡಿದಂತೆಲ್ಲ ಮತ್ತೆ ಮಂಡಿಗೆ ಗಾಯವಾಗುವ ಪ್ರಮಾಣ ಸುಮಾರು ಅರ್ಧಕ್ಕಿಳಿಯುತ್ತಾ ಹೋಯಿತು. ಸ್ನಾಯುಬಲ, ಒಂಟಿಕಾಲಿನ ಜಿಗಿತ ಮುಂತಾದ ಪರೀಕ್ಷೆ ಪಾಸಾಗದೆ ಆಟಕ್ಕಿಳಿದವರಲ್ಲಿ 38.2% ಮಂದಿಗೆ ಮತ್ತೆ ಗಾಯ. ಪಾಸಾಗಿ ಇಳಿದವರಲ್ಲಿ 5.6%. ಅದೇ ವರ್ಷ ಸೌದಿಯ ಪಕ್ಕದ ಕತಾರ್‌ನಲ್ಲಿ, ದೋಹಾದ ಆಸ್ಪೆಟರ್ ಆಸ್ಪತ್ರೆ 158 ವೃತ್ತಿಪರ ಆಟಗಾರರ ಲೆಕ್ಕ ಕೊಟ್ಟಿತು. ಆರು ಮಾನದಂಡ ಪೂರೈಸದೆ ಮರಳಿದವರಲ್ಲಿ ಹೊಸ ಹಗ್ಗ ಹರಿಯುವ ಅಪಾಯ ನಾಲ್ಕು ಪಟ್ಟು.

ಆದರೆ ಪರೀಕ್ಷೆಯಲ್ಲೂ ಮೋಸ ಇದೆ, ಇದನ್ನು ಗಮನವಿಟ್ಟು ಕೇಳಿ. ಸಾಮಾನ್ಯವಾಗಿ ಆಪರೇಷನ್ ಆದ ಕಾಲು ಇನ್ನೊಂದರ 90% ಮುಟ್ಟಬೇಕು ಅಂತಾರೆ. ಆರು ತಿಂಗಳು ಕೂತಿದ್ದು ಎರಡೂ ಕಾಲು ತಾನೆ? ಚೆನ್ನಾಗಿರುವ ಕಾಲೂ ಸೊರಗಿರುತ್ತೆ, ಅದಕ್ಕೆ ಹೋಲಿಸಿ 90 ಬಂದರೆ ಖುಷಿಪಡೋಕೆ ಏನಿದೆ? ಇನ್ನೊಂದು, ಆಸ್ಪೆಟರ್‌ನವರೇ ತೋರಿಸಿಕೊಟ್ಟದ್ದು: ಮುಂದಕ್ಕೆ ಒಂಟಿಕಾಲಿನಲ್ಲಿ ಜಿಗಿಯುವಾಗ ಚಿಮ್ಮುವ ಶಕ್ತಿಯಲ್ಲಿ ಮಂಡಿಯ ಪಾಲು ಎಂಟನೇ ಒಂದಂಶದಷ್ಟೇ, ಉಳಿದದ್ದು ಸೊಂಟ ಮತ್ತು ಹಿಮ್ಮಡಿಯದ್ದು. ದೂರ ಸರಿಯಾಗಿ ಬರುತ್ತೆ, ಮಂಡಿ ಕಳ್ಳಾಟ ಆಡಿರುತ್ತೆ. ಅದಕ್ಕೇ ನೇರ ಮೇಲಕ್ಕೆ ಜಿಗಿಸಿಯೂ ನೋಡಬೇಕು, ಯಂತ್ರದಲ್ಲಿ ತೊಡೆಯ ಬಲವನ್ನೂ ಅಳೆಯಬೇಕು.

ಸೌದಿಯಲ್ಲಿ ಈ ಪ್ರಶ್ನೆ ಇನ್ನು ಗಂಡಸರದ್ದು ಮಾತ್ರ ಅಲ್ಲ. ಅಲ್ಲಿ ಮಹಿಳಾ ಪ್ರೀಮಿಯರ್ ಲೀಗ್ ಶುರುವಾದದ್ದು 2022ರಲ್ಲಿ. ಸರ್ಕಾರಿ ಶಾಲೆಯ ಹೆಣ್ಣುಮಕ್ಕಳಿಗೆ ವ್ಯಾಯಾಮದ ಪೀರಿಯಡ್ ಬಂದದ್ದೇ 2017ರ ಸುಮಾರಿಗೆ. ಫುಟ್‌ಬಾಲ್‌ನಂಥ ಆಟದಲ್ಲಿ ಹೆಣ್ಣುಮಕ್ಕಳಿಗೆ ಎಸಿಎಲ್ ಹರಿಯುವ ಅಪಾಯ ಎರಡು-ಮೂರು ಪಟ್ಟು ಹೆಚ್ಚು. ಜಿಗಿಯೋದು, ಇಳಿಯೋದು, ತಿರುಗೋದನ್ನು ಚಿಕ್ಕಂದಿನಲ್ಲೇ ಸರಿಯಾಗಿ ಕಲಿಸಿದರೆ ಆಪರೇಷನ್ ಟೇಬಲ್‌ವರೆಗೆ ಹೋಗೋದೇ ತಪ್ಪಬಹುದು. ಇಂಥ ತರಬೇತಿಯಿಂದ ಎಸಿಎಲ್ ಗಾಯ ಹತ್ತಿರ ಹತ್ತಿರ ಅರ್ಧಕ್ಕಿಳಿಯುತ್ತೆ ಅಂತ ಹಲವು ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದವರು ಹೇಳ್ತಾರೆ. ಫಿಫಾದ್ದೇ ‘11+’ ಅನ್ನೋ ವಾರ್ಮ್-ಅಪ್ ಇದೆ, ಇಪ್ಪತ್ತು ನಿಮಿಷದ್ದು, ಒಂದು ಚೆಂಡು ಬಿಟ್ಟರೆ ಬೇರೆ ಸಲಕರಣೆ ಬೇಡ. ನಮ್ಮವರ ವಾರ್ಮ್-ಅಪ್ ಏನು ಅಂತ ನಿಮಗೂ ಗೊತ್ತು: ಗೋಲಿಗೆ ಎರಡು ಒದೆತ, ಒಂದು ಫೋಟೊ.

ಜುಬೈಲ್ ಗೆಳೆಯರಿಗೆ ಇದನ್ನೆಲ್ಲ ಹೇಳಿ, ಮೊದಲು ಫಿಸಿಯೋ ಹತ್ತಿರ ಅಳತೆ ಮಾಡಿಸಿ ಅಂದಿದ್ದೆ. ವಿಮೆಯ ಸೆಷನ್‌ಗಳು ಮೂರನೇ ತಿಂಗಳಿಗೇ ಮುಗಿದಿದ್ದವಂತೆ, ಆಮೇಲೆ ಮಾಡಿದ್ದೆಲ್ಲ ಯೂಟ್ಯೂಬ್ ನೋಡಿ. ಕೈಯಿಂದ ದುಡ್ಡು ಹಾಕಿ ದಮ್ಮಾಮ್‌ಗೆ ಹೋಗಿ ಬಂದರು. ಒಂಟಿಕಾಲಿನ ಜಿಗಿತ, ಚೆನ್ನಾಗಿರುವ ಕಾಲಿನಲ್ಲಿ 148 ಸೆಂಟಿಮೀಟರ್. ಆಪರೇಷನ್ ಆದ ಕಾಲಿನಲ್ಲಿ 112. ಅಂದರೆ 76%. ತೊಡೆಯ ಬಲ ಅದಕ್ಕಿಂತ ಕಡಿಮೆ. “ನೋವೇ ಇರ್ಲಿಲ್ಲ ಅಲ್ಲ ಸರ್” ಅಂತ ಮೂರು ಸಲ ಹೇಳಿದರು.

ಟೂರ್ನಮೆಂಟ್ ಮುಗಿದು ಮರುದಿನ ಮತ್ತೆ ಮೆಸೇಜ್ ಬಂತು. ಆಡಲಿಲ್ಲ. ಆದರೆ ಮನೆಯಲ್ಲಿ ಕೂರೋಕೂ ಆಗದೆ ಸೀಟಿ ಹಿಡಿದುಕೊಂಡು ಅಂಗಳಕ್ಕೆ ಹೋಗಿ, ಮೊದಲ ಪಂದ್ಯಕ್ಕೆ ಮುಂಚೆ ಎರಡೂ ತಂಡದ ಹುಡುಗರನ್ನು ಸಾಲಾಗಿ ನಿಲ್ಲಿಸಿ ಆ ‘11+’ ಮಾಡಿಸಿದರಂತೆ. “ಇಪ್ಪತ್ತು ನಿಮಿಷ ಅಂತ ಹೇಳಿದ್ದೆ ಸರ್. ಒಂಟಿಕಾಲಲ್ಲಿ ನಿಲ್ಲಿ ಅಂದ್ರೆ ಒಬ್ಬರ ಮೇಲೆ ಒಬ್ಬರು ಬೀಳ್ತಾರೆ ಮಾರಾಯ್ರೆ. ಹನ್ನೊಂದನೇ ನಿಮಿಷಕ್ಕೆ ನಮ್ಮ ಗೋಲ್‌ಕೀಪರ್ ನೀರು ಕುಡಿಲಿಕ್ಕೆ ಅಂತ ಹೋದವ, ಪಂದ್ಯ ಶುರುವಾಗುವವರೆಗೆ ಬರ್ಲೇ ಇಲ್ಲ.”