ಮದ್ದಿಲ್ಲದ ಸೂಜಿ, ಮಿದುಳಿಗೆ ಸುದ್ದಿ

ಹೇಮಗಿರಿ ಅಣೆಯ ನಾಲೆಗೆ ನೀರು ಬಿಟ್ಟರೆ ಕೆ.ಆರ್. ಪೇಟೆ ಸೀಮೆಯಲ್ಲಿ ನಾಟಿ ಕೆಲಸ ಶುರು. ದಿನವಿಡೀ ಬಗ್ಗಿ ಪೈರು ನೆಡುವವರಿಗೆ ಸೊಂಟನೋವು, ಕಬ್ಬಿನ ಹೊರೆ ಹೊರುವವರಿಗೆ ಮಂಡಿನೋವು. ‘ಒಂದು ಸೂಜಿ ಹಾಕಿಬಿಡಿ ಡಾಕ್ಟ್ರೇ’ ಅನ್ನುವುದು, ಮಾತ್ರೆ ನುಂಗುವುದು ರೂಢಿ. ಆದರೆ ನೋವಿನ ಮಾತ್ರೆಗಳನ್ನು ವರ್ಷಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣಾಗಬಹುದು, ಕಿಡ್ನಿಗೂ ಪೆಟ್ಟು ಬೀಳಬಹುದು. ಹಾಗಾಗಿಯೇ ಮದ್ದಿಲ್ಲದ ಸೂಜಿಯೊಂದರ ಬಗ್ಗೆ ತಿಳಿದಿರುವುದು ಒಳ್ಳೆಯದು. ಅದೇ ಎಲೆಕ್ಟ್ರೋ ಅಕ್ಯುಪಂಕ್ಚರ್.

ಇದರಲ್ಲಿ ಕೂದಲೆಳೆಯಷ್ಟು ಸಣ್ಣ ಸೂಜಿಗಳನ್ನು ಚುಚ್ಚಿ, ಎರಡೆರಡಕ್ಕೆ ಪುಟ್ಟ ಕ್ಲಿಪ್ ಸಿಕ್ಕಿಸುತ್ತಾರೆ. ಕ್ಲಿಪ್ಪಿನ ತಂತಿ ಸೇರುವ ಬ್ಯಾಟರಿ ಪೆಟ್ಟಿಗೆಯ ತಿರುಪನ್ನು ಮೆಲ್ಲಗೆ ತಿರುಗಿಸಿದಂತೆ ಕರೆಂಟು ಹರಿದು ಜುಮ್ಮೆನ್ನುತ್ತದೆ, ಸ್ನಾಯು ಟಕ್ ಟಕ್ ಎಂದು ಅದುರುತ್ತದೆ. ಸಾಮಾನ್ಯವಾಗಿ ಇಪ್ಪತ್ತು, ಮೂವತ್ತು ನಿಮಿಷ ಹಾಗೇ ಬಿಡುತ್ತಾರೆ.

ಮೈಯೊಳಗಿನ ನೋವುನಿವಾರಕ

ಈ ಕರೆಂಟು ಮಾಡುವುದೇನು? ಬೀಜಿಂಗ್‌ನ ವಿಜ್ಞಾನಿ ಹಾನ್ ಜಿಶೆಂಗ್ ದಶಕಗಳ ಕಾಲ ಇದರ ಬೆನ್ನು ಹತ್ತಿದರು. ಸೆಕೆಂಡಿಗೆ 2 ಬಾರಿ ಮಿಡಿಯುವ ಕರೆಂಟು ಎನ್ಕೆಫಲಿನ್, ಎಂಡಾರ್ಫಿನ್‌ಗಳನ್ನೂ 100 ಬಾರಿ ಮಿಡಿಯುವುದು ಡೈನಾರ್ಫಿನ್ ಅನ್ನೂ ಹೊರಡಿಸುತ್ತದೆ ಎಂದು ಅವರ ತಂಡ ತೋರಿಸಿತು. ಇವು ಮಿದುಳು ಮತ್ತು ಬೆನ್ನುಹುರಿ ತಾವೇ ತಯಾರಿಸಿಕೊಳ್ಳುವ, ಮಾರ್ಫಿನ್ ಮಾದರಿಯ ರಾಸಾಯನಿಕಗಳು.

ಮಿದುಳಿನ ಮೇಲಿನ ಪರಿಣಾಮವನ್ನು 2017ರಲ್ಲಿ ಹಾರ್ವರ್ಡ್‌ನ ವಿಟಾಲಿ ನಪಾಡೊ ತಂಡ ಪ್ರಕಟಿಸಿದ ಅಧ್ಯಯನ ಚೆನ್ನಾಗಿ ತೋರಿಸುತ್ತದೆ. ಮಣಿಕಟ್ಟಿನ ನರ ಒತ್ತಿಹೋಗಿ ಬೆರಳು ಜೋಮು ಹಿಡಿಯುವ ಕಾರ್ಪಲ್ ಟನಲ್ ತೊಂದರೆ ಇದ್ದವರೇ ಅಲ್ಲಿ ರೋಗಿಗಳು. ಹಾಲು ಕರೆಯುವ, ಕುಡುಗೋಲು ಹಿಡಿಯುವ ಕೈಗಳಿಗೂ ಬರುವ ನೋವು ಇದು. ಇವರ ಮಿದುಳಿನಲ್ಲಿ ಅಕ್ಕಪಕ್ಕದ ಬೆರಳುಗಳ ಜಾಗ ಬದು ಅಳಿಸಿದ ಗದ್ದೆಗಳಂತೆ ಒಂದರೊಳಗೊಂದು ಕಲಸಿಹೋಗಿರುತ್ತದೆ. ಕೆಲವರಿಗೆ ಮಣಿಕಟ್ಟಿನಲ್ಲಿ, ಕೆಲವರಿಗೆ ಎದುರು ಬದಿಯ ಕಾಲಿನಲ್ಲಿ ಕರೆಂಟಿನ ಸೂಜಿ ಹಾಕಿದರು. ಉಳಿದವರಿಗೆ ಚುಚ್ಚದ ಹುಸಿ ಸೂಜಿ. ಆರಾಮ ಸಿಕ್ಕಿದ್ದು ಮೂರೂ ಗುಂಪಿಗೆ! ಆದರೆ ನರದಲ್ಲಿ ಸಂದೇಶ ಸಾಗುವ ವೇಗ ಸುಧಾರಿಸಿದ್ದು ಅಸಲಿ ಸೂಜಿಯವರಲ್ಲಿ ಮಾತ್ರ. ಮಿದುಳಿನ ಬೆರಳುನಕ್ಷೆ ಸರಿಹೋದಷ್ಟೂ ಮೂರು ತಿಂಗಳ ನಂತರದ ಗುಣವೂ ಹೆಚ್ಚಿತ್ತು.

ಹುಸಿ ಸೂಜಿಯಿಂದಲೂ ಆರಾಮ ಸಿಕ್ಕಿತೆಂದರೆ ನಂಬಿಕೆಯ ಪಾಲು ಸಣ್ಣದಲ್ಲ. ಕರೆಂಟಿಲ್ಲದ ಬರೀ ಸೂಜಿಯ ಬಗ್ಗೆ 2007ರ ಜರ್ಮನ್ ಅಧ್ಯಯನ 1,162 ಸೊಂಟನೋವಿನ ರೋಗಿಗಳನ್ನು ನೋಡಿತು. ಅಸಲಿ ಸೂಜಿಯಿಂದ ಶೇ 47.6, ಹುಸಿ ಸೂಜಿಯಿಂದ ಶೇ 44.2, ಮಾಮೂಲಿ ಚಿಕಿತ್ಸೆಯಿಂದ ಶೇ 27.4ರಷ್ಟು ಮಂದಿಗೆ ಗುಣ ಕಂಡಿತು.

ನಮ್ಮಲ್ಲಿಗೆ ಬಂದ ದಾರಿ

ಸೊಲ್ಲಾಪುರದ ಡಾ. ದ್ವಾರಕಾನಾಥ ಕೋಟ್ನಿಸ್ ಅವರೊಡನೆ 1938ರಲ್ಲಿ ಚೀನಾಕ್ಕೆ ಹೋದ ವೈದ್ಯ ತಂಡದಲ್ಲಿ ಡಾ. ಬಿ.ಕೆ. ಬಸು ಇದ್ದರು. ಮುಂದೆ ಅವರೇ ಅಲ್ಲಿ ಅಕ್ಯುಪಂಕ್ಚರ್ ಕಲಿತು ಕಲ್ಕತ್ತೆಗೆ ತಂದರು. ಕೇಂದ್ರ ಸರ್ಕಾರ 2019ರಲ್ಲಿ ಇದಕ್ಕೆ ಸ್ವತಂತ್ರ ಚಿಕಿತ್ಸಾ ಪದ್ಧತಿಯ ಮನ್ನಣೆ ಕೊಟ್ಟಿತು. ಉಜಿರೆಯ ಎಸ್‌ಡಿಎಂ, ಮೈಸೂರಿನ ಸರ್ಕಾರಿ ಕಾಲೇಜುಗಳಂಥ ಕಡೆ ಪ್ರಕೃತಿ ಚಿಕಿತ್ಸೆಯ ಪದವಿ ಓದುವವರಿಗೆ ಇದು ಪಠ್ಯ ವಿಷಯ.

ಸೂಜಿ ಚುಚ್ಚಿಸಿಕೊಳ್ಳುವ ಮುನ್ನ ನೋವಿನ ಮೂಲ ಗೊತ್ತಿರಬೇಕು. ಕಾಲಿನ ಬಲ ಕುಗ್ಗುತ್ತಿದ್ದರೆ, ಜ್ವರವಿದ್ದರೆ, ಮೂತ್ರದ ಹಿಡಿತ ತಪ್ಪಿದ್ದರೆ ಮೊದಲು ಆಸ್ಪತ್ರೆಗೆ ಹೋಗಿ. ಎದೆಗೆ ಪೇಸ್‌ಮೇಕರ್ ಹಾಕಿಸಿಕೊಂಡವರು ಕರೆಂಟಿನ ಸೂಜಿಯಿಂದ ದೂರವಿರಲಿ. ಗರ್ಭಿಣಿಯರು, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಮೊದಲೇ ವೈದ್ಯರಿಗೆ ತಿಳಿಸಲಿ. ಹೊಸ ಸೂಜಿಯ ಪೊಟ್ಟಣವನ್ನು ನಿಮ್ಮೆದುರೇ ಒಡೆಯಲು ಹೇಳಿ. ನೋವು ತಗ್ಗಿದರೆ ಸಂತೋಷ. ನಾಲ್ಕಾರು ವಾರವಾದರೂ ತಗ್ಗದಿದ್ದರೆ ದುಡ್ಡು ಸುರಿಯುತ್ತಾ ಕೂರಬೇಡಿ.