ಕಾಲುವೆಗಳ ನಗರದಲ್ಲಿ ಕ್ಯಾಮೆರಾ

ಕೊಡಗಿನ ಮಾದಾಪುರದ ಕಡೆಯವರಾದ ನಮಗೆ ನೀರೆಂದರೆ ಬೆಟ್ಟದಿಂದ ತಾನಾಗಿಯೇ ಇಳಿದುಬರುವ ವಸ್ತು. ಮುಂಗಾರಿನಲ್ಲಿ ಅದನ್ನು ತಡೆಯುವುದು ಕಷ್ಟವೇ ಹೊರತು ಕರೆತರುವುದಲ್ಲ. ಬಯಲುಸೀಮೆಯ ಹಂಪೆಯಲ್ಲಾದರೋ ನೀರನ್ನು ಬುದ್ಧಿಬಲದಿಂದಲೇ ಕರೆತರಬೇಕಾಯಿತು. ವಿಜಯನಗರವು ದೇವಾಲಯಗಳ ನಗರವೆಂಬುದನ್ನು ಎಲ್ಲರೂ ಬಲ್ಲರು. ಅದು ಕಾಲುವೆಗಳ ನಗರವೂ ಹೌದೆಂಬುದನ್ನು ಅರಿಯಬೇಕಾದರೆ ಪ್ರವಾಸಿಗರು ತಮ್ಮ ಕ್ಯಾಮೆರಾವನ್ನು ಗೋಪುರಗಳಿಂದ ಸ್ವಲ್ಪ ಕೆಳಕ್ಕೆ ತಿರುಗಿಸಬೇಕು.

ಮೊದಲ ಚಿತ್ರವನ್ನು ಮಾತಂಗ ಬೆಟ್ಟದ ಮೇಲಿನಿಂದ ತೆಗೆಯೋಣ. ಸುತ್ತಲೂ ಹೆಬ್ಬಂಡೆಗಳ ರಾಶಿ. ನಡುವೆ ಬಾಳೆತೋಟಗಳ ಹಸಿರು ಪಟ್ಟಿ. ಈ ಹಸಿರಿಗೆ ಕಾರಣ ವಿಜಯನಗರದ ಕಾಲದ ತುರ್ತಾ ಕಾಲುವೆ. ಪಂಪಿನ ನೆರವಿಲ್ಲದೆ ಕಾಲುವೆಯ ನೀರು ತನಗಿಂತ ತಗ್ಗಾದ ನೆಲಕ್ಕೆ ಮಾತ್ರ ಹರಿಯಬಲ್ಲದಷ್ಟೆ. ಆದುದರಿಂದ ಕಾಲುವೆ ಸಾಗುವ ದಾರಿಯೇ ಹಸಿರಿಗೂ ಬರಡಿಗೂ ನಡುವಣ ಗಡಿಯಾಗುತ್ತದೆ.

ನದಿಯ ನೀರು ದಂಡೆಯ ಮೇಲಣ ನೆಲಕ್ಕೆ ಏರಿದುದು ಹೇಗೆ? ವಾಸ್ತವವಾಗಿ ಅದು ಏರಲೇ ಇಲ್ಲ. ನದಿಯ ಮೇಲ್ಭಾಗದಲ್ಲಿ ಅಡ್ಡಕಟ್ಟೆಯನ್ನು ಹಾಕಿ, ನೀರನ್ನು ಪಕ್ಕಕ್ಕೆ ತಿರುಗಿಸಿದರು. ನದಿಯ ಪಾತ್ರ ಬೇಗಬೇಗನೆ ಇಳಿಯುತ್ತದೆ; ಕಾಲುವೆಗೆ ಕೊಟ್ಟ ಇಳಿಜಾರು ಅದಕ್ಕಿಂತ ಬಹಳ ಕಡಿಮೆ. ಮುಂದೆ ಸಾಗಿದಂತೆಲ್ಲ ಕಾಲುವೆಯು ನದಿಗಿಂತ ಎತ್ತರದಲ್ಲಿ ಉಳಿಯುತ್ತದೆ. ಎರಡರ ನಡುವಣ ನೆಲವೆಲ್ಲ ಗದ್ದೆ ತೋಟಗಳಾಗುತ್ತವೆ.

ಎರಡನೆಯ ಚಿತ್ರ ಅರಮನೆಯ ಆವರಣದ ಮೆಟ್ಟಿಲುಗಳ ಪುಷ್ಕರಣಿಯದು. ಇದು 1980ರ ದಶಕದ ಉತ್ಖನನದಲ್ಲಿ ಬೆಳಕಿಗೆ ಬಂದಿತು. ಕಂಬಗಳ ಮೇಲೆ ಹಾಯಿಸಿದ ಕಲ್ಲುದೋಣಿಗಳು ಇದಕ್ಕೆ ನೀರು ತರುತ್ತಿದ್ದವು. ಕೊಳದ ಕಲ್ಲುಗಳ ಮೇಲೆ ಜೋಡಣೆಯ ಗುರುತುಗಳಿವೆ. ನಡುಹಗಲಿನ ಬೆಳಕಿನಲ್ಲಿ ಅವು ಮಂಕಾಗಿ ತೋರುತ್ತವೆ. ಬೆಳಗಿನ ಓರೆಬಿಸಿಲು ಬಿದ್ದರೆ ಪ್ರತಿ ಗೀರಿನಲ್ಲಿಯೂ ನೆರಳು ತುಂಬಿ, ಚಿತ್ರದಲ್ಲಿ ಗುರುತು ಎದ್ದು ಕಾಣುತ್ತದೆ.

ಇಂತಹ ಚಿತ್ರಗಳಿಂದ ಪ್ರಯೋಜನವೇನೆಂದು ಕೆಲವರು ಕೇಳಬಹುದು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಮೇಣ ಹಚ್ಚಿದ ಕಾಗದದ ನೆಗೆಟಿವುಗಳ ಮೇಲೆ ಹಂಪೆಯ ಚಿತ್ರಗಳನ್ನು ತೆಗೆದನು. ಅವುಗಳಲ್ಲಿ ವಿಠ್ಠಲ ದೇವಾಲಯದ ಕಲ್ಲಿನ ರಥದ ಮೇಲೆ ಇಟ್ಟಿಗೆಯ ಶಿಖರವೊಂದು ಕಾಣುತ್ತದೆ. ಇಂದು ಆ ಶಿಖರವಿಲ್ಲ. 1983ರಲ್ಲಿ ಆಸ್ಟ್ರೇಲಿಯದ ಜಾನ್ ಗೋಲಿಂಗ್ಸ್ ಅವೇ ಸ್ಥಳಗಳಲ್ಲಿ ನಿಂತು ಪುನಃ ಚಿತ್ರಗಳನ್ನು ತೆಗೆದರು. ಎರಡನ್ನೂ ಅಕ್ಕಪಕ್ಕದಲ್ಲಿಟ್ಟರೆ ಕಾಲವು ಏನನ್ನು ಅಳಿಸಿತು, ಏನನ್ನು ಉಳಿಸಿತು ಎಂಬುದು ಸ್ಪಷ್ಟವಾಗುತ್ತದೆ.

ರಥಕ್ಕಿಂತಲೂ ಕಾಲುವೆ ಬೇಗ ಬದಲಾಗುವ ವಸ್ತು. ಸೋರುವ ಕಾಲುವೆಯನ್ನು ರೈತರು ದುರಸ್ತಿ ಮಾಡಿಸಲೇಬೇಕು. ಹಾಗೆ ಮಾಡಿಸುತ್ತ ಬಂದುದರಿಂದಲೇ ಅರಮನೆಗಳು ಬಿದ್ದರೂ ಕಾಲುವೆ ಬದುಕಿದೆ. ಆದರೆ ಹೊಸ ಗಾರೆಯ ಹಿಂದೆ ಹಳೆಯ ಕಲ್ಲುಕಟ್ಟಡ ಮರೆಯಾದರೆ, ಅದರ ಸ್ವರೂಪವನ್ನು ಮುಂದಿನವರಿಗೆ ತಿಳಿಸುವುದು ಚಿತ್ರವೊಂದೇ. ಹಂಪೆಗೆ ಹೋಗುವ ವಿದ್ಯಾರ್ಥಿಗಳು ಒಂದು ತೂಬನ್ನಾದರೂ ಚಿತ್ರಿಸಲಿ. ಅಳತೆಗಾಗಿ ಪಕ್ಕದಲ್ಲಿ ಒಂದು ಕೋಲನ್ನಿಟ್ಟು, ಹಿಂದೆ ಸ್ಥಳವನ್ನೂ ದಿನಾಂಕವನ್ನೂ ಬರೆದಿಡಲಿ.