ದುಡಿಮೆಯ ಅಪಾಯ, ಮುಯ್ಯಿ ಮತ್ತು ವಿಮೆ: ರಾಯಚೂರು, ದೇವದುರ್ಗ, ಮಾನ್ವಿ ಪರಿಸರದ ಒಂದು ಜಾನಪದೀಯ ವಿವೇಚನೆ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ರಾಯಚೂರು ದೋಆಬ್ ಪ್ರದೇಶವನ್ನು ಇತಿಹಾಸಕಾರರು ರಾಜ್ಯಗಳ ಕದನಭೂಮಿಯೆಂದೂ ಶಾಸನತಜ್ಞರು ಅಶೋಕನ ಮಸ್ಕಿ ಶಾಸನದ ನೆಲವೆಂದೂ ಗುರುತಿಸಿದ್ದಾರೆ. ಈ ನೆಲದಲ್ಲಿ ದುಡಿಯುವವರು ದುಡಿಮೆಯ ಅಪಾಯವನ್ನು ಹೇಗೆ ಗ್ರಹಿಸಿದರು, ಒಬ್ಬರಿಗೆ ಒದಗಿದ ನಷ್ಟವನ್ನು ಹಲವರು ಹೇಗೆ ಹಂಚಿಕೊಂಡರು ಎಂಬ ಪ್ರಶ್ನೆಯೂ ಅಷ್ಟೇ ಮಹತ್ವದ್ದು. ವಿಮೆಯನ್ನು ಸಾಮಾನ್ಯವಾಗಿ ಅರ್ಥಶಾಸ್ತ್ರ ಮತ್ತು ಕಾನೂನಿನ ವಿಷಯವೆಂದು ಪರಿಗಣಿಸಲಾಗುತ್ತದೆ. ಆದರೆ ವಿಮೆಯ ಹಣ ಒಂದು ಕುಟುಂಬದ ಕೈಸೇರುವುದೂ ತಪ್ಪಿಹೋಗುವುದೂ, ಆ ಕುಟುಂಬ ಅವಘಡವನ್ನು ಯಾವ ಹೆಸರಿನಿಂದ ಕರೆಯಿತು, ಗಾಯಾಳುವನ್ನು ಮೊದಲು ಎಲ್ಲಿಗೆ ಒಯ್ಯಿತು ಎಂಬುದನ್ನೂ ಅವಲಂಬಿಸಿರುತ್ತದೆ. ಇವೆರಡೂ ಜಾನಪದ ಅಧ್ಯಯನದ ವ್ಯಾಪ್ತಿಗೆ ಸೇರಿದ ಸಂಗತಿಗಳು. ಈ ದೃಷ್ಟಿಯಿಂದ ರಾಯಚೂರು ನಗರ, ದೇವದುರ್ಗ ಮತ್ತು ಮಾನ್ವಿ ಪರಿಸರವನ್ನು ವಿವೇಚಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶವಾಗಿದೆ.

ದುಡಿಮೆಯ ಮೂರು ನೆಲೆಗಳು

ರಾಯಚೂರು ನಗರ ಹತ್ತಿ ಮತ್ತು ಭತ್ತದ ಮಾರುಕಟ್ಟೆಯಾಗಿ ಬೆಳೆದ ಊರು. ಇಲ್ಲಿಯ ಅಕ್ಕಿ ಗಿರಣಿಗಳು, ಹತ್ತಿ ಜಿನ್ನಿಂಗ್ ಕಾರ್ಖಾನೆಗಳು ಹಾಗೂ ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿಯ ಪ್ರಾಂಗಣಗಳಲ್ಲಿ ಹಮಾಲರು ಮತ್ತು ಕೂಲಿ ಹೆಣ್ಣುಮಕ್ಕಳು ದುಡಿಯುತ್ತಾರೆ. ಈ ಭಾಗದಲ್ಲಿ ಭತ್ತದ ವ್ಯವಹಾರ ನಡೆಯುವುದು 75 ಕಿಲೊ ತೂಕದ ಚೀಲದ ಲೆಕ್ಕದಲ್ಲಿ. ವಯಸ್ಕ ಪುರುಷನೊಬ್ಬ ಹೊರುವ ಭಾರ 55 ಕಿಲೊ ಮೀರಬಾರದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು 1967ರಲ್ಲಿಯೇ ಶಿಫಾರಸು ಮಾಡಿದೆ ಎಂಬುದನ್ನು ಇದರೊಡನೆ ಹೋಲಿಸಿದರೆ ಹಮಾಲನ ಬೆನ್ನು, ಮೊಣಕಾಲುಗಳ ಸವೆತದ ಕಾರಣ ತಿಳಿಯುತ್ತದೆ. ಜಿನ್ನಿಂಗ್ ಕಾರ್ಖಾನೆಯಲ್ಲಿ ಯಂತ್ರದ ಅಪಾಯದ ಜೊತೆಗೆ ಹತ್ತಿಯ ಧೂಳಿನಿಂದ ಬರುವ ಶ್ವಾಸಕೋಶದ ಬೇನೆಯೂ ಇದೆ.

ಮಾನ್ವಿ ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಸೀಮೆ. ನೀರು ಬಂದಲ್ಲಿ ಭತ್ತ, ಭತ್ತ ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಹಾವು. ನಾಟಿ, ಕಳೆ, ಕೊಯ್ಲಿನ ಕೆಲಸಗಳಲ್ಲಿ ಬರಿಗಾಲ ಕೂಲಿಗಳಿಗೆ ಇದು ನಿತ್ಯದ ಭೀತಿ. ದೇವದುರ್ಗ ಕೃಷ್ಣೆಯ ದಂಡೆಯ ತಾಲ್ಲೂಕು. ನಾರಾಯಣಪುರ ಬಲದಂಡೆ ಕಾಲುವೆಯ ನೀರು ಕೆಲವು ಊರುಗಳಿಗೆ ದೊರೆತಿದ್ದರೂ ಒಣಬೇಸಾಯದ ಹಳ್ಳಿಗಳಿಂದ ಜನ ಬೆಂಗಳೂರು ಮೊದಲಾದ ಕಡೆಗೆ ಕಟ್ಟಡ ಕೆಲಸಕ್ಕೆ ಗುಳೆ ಹೋಗುವುದು ನಿಂತಿಲ್ಲ. ಹೀಗೆ ಒಂದೇ ಕುಟುಂಬದ ಒಬ್ಬರು ಹತ್ತಿ ಹೊಲದಲ್ಲಿ ಕ್ರಿಮಿನಾಶಕ ಸಿಂಪಡಿಸುತ್ತ, ಇನ್ನೊಬ್ಬರು ಗಿರಣಿಯಲ್ಲಿ ಚೀಲ ಹೊರುತ್ತ, ಮತ್ತೊಬ್ಬರು ದೂರದ ನಗರದ ಸಾರವೆಯ ಮೇಲೆ ನಿಂತು ದುಡಿಯುತ್ತ ಇರಬಹುದು. ಅಪಾಯದ ಸ್ವರೂಪ ಬೇರೆಬೇರೆಯಾದರೂ ನಷ್ಟವನ್ನು ಹೊರುವ ಮನೆ ಒಂದೇ.

ಜನಪದರ ಭದ್ರತಾ ಕ್ರಮ

ಗ್ರಾಮೀಣ ಸಮಾಜದಲ್ಲಿ ನಷ್ಟವನ್ನು ಹಂಚಿಕೊಳ್ಳುವ ಕ್ರಮಗಳು ಇರಲಿಲ್ಲವೆಂದಲ್ಲ. ಒಬ್ಬರ ಹೊಲದ ಕೆಲಸಕ್ಕೆ ಇನ್ನೊಬ್ಬರು ಹೋಗಿ ದುಡಿದು, ತಮ್ಮ ಸರದಿಯಲ್ಲಿ ಅದನ್ನೇ ಮರಳಿ ಪಡೆಯುವ ಮುಯ್ಯಾಳು ಪದ್ಧತಿ, ಮದುವೆ ಮತ್ತಿತರ ಕಾರ್ಯಗಳಲ್ಲಿ ನೀಡುವ ಮುಯ್ಯಿ, ಕಣದಲ್ಲಿ ಆಯಗಾರರಿಗೆ ಸಲ್ಲುವ ಕಾಳಿನ ಪಾಲು, ಸಂಕಟ ಒದಗಿದ ಮನೆಗಾಗಿ ಊರವರು ಹಾಕುವ ಪಟ್ಟಿ ಇವೆಲ್ಲ ಪರಸ್ಪರ ಭದ್ರತೆಯ ರೂಪಗಳೇ. ಕೊಡುವುದು, ಸ್ವೀಕರಿಸುವುದು, ಮರಳಿ ಕೊಡುವುದು ಎಂಬ ಮೂರು ಹೊಣೆಗಳನ್ನು ಫ್ರೆಂಚ್ ವಿದ್ವಾಂಸ ಮಾರ್ಸೆಲ್ ಮೋಸ್ 1925ರಲ್ಲಿ ಪ್ರಕಟವಾದ ತನ್ನ ಉಡುಗೊರೆ ಕುರಿತ ಪ್ರಬಂಧದಲ್ಲಿ ವಿವರಿಸಿದ್ದಾನೆ. ನಮ್ಮ ಮುಯ್ಯಿಯಲ್ಲಿ ಈ ಮೂರೂ ಸ್ಪಷ್ಟವಾಗಿವೆ. ಮುಯ್ಯಿಗೆ ಅರ್ಜಿ ಬೇಕಿಲ್ಲ, ಪ್ರಮಾಣಪತ್ರ ಬೇಕಿಲ್ಲ. ಊರಿನ ನೆನಪೇ ಅದರ ದಫ್ತರ.

ಆದರೆ ಈ ವ್ಯವಸ್ಥೆಯ ಮಿತಿಗಳನ್ನೂ ಗಮನಿಸಬೇಕು. ಮೊದಲನೆಯದಾಗಿ, ಮರಳಿ ಕೊಡುವ ಶಕ್ತಿಯುಳ್ಳವರ ನಡುವೆ ಮಾತ್ರ ಮುಯ್ಯಿ ನಡೆಯುತ್ತದೆ. ಭೂಮಿಯಿಲ್ಲದ ಕೂಲಿಯ ಮನೆಗೆ ಒಡೆಯ ನೀಡುವ ನೆರವು ಮುಯ್ಯಿಯಾಗದೆ ಸಾಲವಾಗುತ್ತದೆ. ಎರಡನೆಯದಾಗಿ, ಬರ ಬಂದಾಗ ಕೊಡುವವರು, ಪಡೆಯುವವರು ಒಟ್ಟಿಗೇ ಸೋಲುತ್ತಾರೆ. ಮೂರನೆಯದಾಗಿ, ಪಟ್ಟಿಯ ಹಣ ಮಣ್ಣಿನ ಖರ್ಚಿಗೆ, ದಿನದ ಕರ್ಮಕ್ಕೆ ಸಾಲಬಹುದೇ ಹೊರತು ದುಡಿಯುವ ಆಸರೆಯೇ ಇಲ್ಲವಾದ ಮನೆಯ ಮುಂದಿನ ಹತ್ತು ವರ್ಷಗಳಿಗೆ ಸಾಲದು. ವಿಮೆಯ ಅಗತ್ಯ ಹುಟ್ಟುವುದು ಇಲ್ಲಿಯೇ.

ವಿಮೆಯ ಪ್ರವೇಶ

ಮೈಸೂರು ಸಂಸ್ಥಾನದಲ್ಲಿ ಸರ್ಕಾರಿ ನೌಕರರಿಗಾಗಿ ಜೀವವಿಮಾ ವ್ಯವಸ್ಥೆ ಆರಂಭವಾದದ್ದು 1891ರಲ್ಲಿ. ಆಗ ರಾಯಚೂರು ನಿಜಾಮರ ಆಳ್ವಿಕೆಯಲ್ಲಿತ್ತು. ಅಲ್ಲಿಂದ ಮುಂದೆಯೂ ವಿಮೆಯು ಬಹುಕಾಲ ತಿಂಗಳ ಸಂಬಳದವರ ಸೌಲಭ್ಯವಾಗಿಯೇ ಉಳಿಯಿತು. ಶ್ರಮಿಕರ ಹಕ್ಕಾಗಿ ಅಪಘಾತ ಪರಿಹಾರವನ್ನು ಮಾನ್ಯಮಾಡಿದ್ದು 1923ರ ಕಾರ್ಮಿಕರ ನಷ್ಟಪರಿಹಾರ ಕಾಯಿದೆ; ವಂತಿಗೆ ಆಧಾರಿತ ಆರೋಗ್ಯ ರಕ್ಷಣೆಯನ್ನು ತಂದದ್ದು 1948ರ ನೌಕರರ ರಾಜ್ಯ ವಿಮಾ ಕಾಯಿದೆ. ಇವೆರಡೂ 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆ, 2020ರಲ್ಲಿ ಸೇರಿಹೋಗಿವೆ. ರಾಜ್ಯ ವಿಮೆಗೆ 2019ರ ಜುಲೈಯಲ್ಲಿ ನಿಗದಿಯಾದ ದರದಂತೆ ವೇತನದ ಮೇಲೆ ಮಾಲೀಕರ ಪಾಲು ಶೇ. 3.25, ನೌಕರರ ಪಾಲು ಶೇ. 0.75. ಹತ್ತು ಮಂದಿ ದುಡಿಯುವ ಗಿರಣಿಗೆ ಇದು ಅನ್ವಯಿಸುತ್ತದೆ. ಆದರೆ ಹಂಗಾಮಿನಲ್ಲಿ ಮಾತ್ರ ನಡೆಯುವ, ಗುತ್ತಿಗೆಯ ಆಳುಗಳನ್ನೇ ನೆಚ್ಚಿದ ಕೆಲಸದಲ್ಲಿ ಹಮಾಲನ ಹೆಸರು ಹಾಜರಿ ಪುಸ್ತಕಕ್ಕೆ ಏರುವುದೇ ಮೊದಲ ಸಮಸ್ಯೆ. ಹೆಸರು ದಾಖಲಿಸದ ಮಾಲೀಕನಿಗೂ ಇದರಿಂದ ಲಾಭವಿಲ್ಲ. ಅವಘಡ ನಡೆದ ದಿನ ಹಂಚಿಹೋಗಬೇಕಾದ ಹೊಣೆ ಇಡಿಯಾಗಿ ಅವನೊಬ್ಬನ ಮೇಲೆ ಬರುತ್ತದೆ.

ಇನ್ನೊಂದು ಅಂಶ ಹೆಚ್ಚು ಜನರಿಗೆ ತಿಳಿದಂತಿಲ್ಲ. ಕೃಷಿಯಲ್ಲಿ ಕ್ರಿಮಿನಾಶಕ ಸಿಂಪಡಿಸುವ ಆಳನ್ನು 1923ರ ಕಾಯಿದೆಯ ಎರಡನೆಯ ಅನುಸೂಚಿಯಲ್ಲಿ ಸೇರಿಸಲಾಗಿತ್ತು. ಹತ್ತಿಯ ಧೂಳಿನಿಂದ ಬರುವ ಶ್ವಾಸಕೋಶದ ಬೇನೆ ಮೂರನೆಯ ಅನುಸೂಚಿಯಲ್ಲಿ ವೃತ್ತಿಜನ್ಯ ರೋಗವೆಂದು ಮಾನ್ಯವಾಗಿತ್ತು. ಅಂದರೆ ಕೊರತೆಯಿದ್ದುದು ಕಾನೂನಿನ ಅಕ್ಷರದಲ್ಲಲ್ಲ, ಅದು ಕೂಲಿಯ ಕಿವಿಗೆ ತಲುಪುವ ದಾರಿಯಲ್ಲಿ. ಗುಳೆ ಹೋದ ಕಟ್ಟಡ ಕಾರ್ಮಿಕನೂ ಕಲ್ಯಾಣ ಮಂಡಳಿಯಲ್ಲಿ ನೋಂದಣಿಯಾಗಲು ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ದುಡಿದುದಕ್ಕೆ ಪುರಾವೆ ಒದಗಿಸಬೇಕು. ಮೇಸ್ತ್ರಿಯಿಂದ ಮೇಸ್ತ್ರಿಗೆ ಕೈಬದಲಾಗುವ ದುಡಿಮೆಯಲ್ಲಿ ಆ ಪುರಾವೆ ಸುಲಭವಲ್ಲ.

ಹೆಸರು ಮತ್ತು ಸಾಕ್ಷ್ಯ

2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ಮಾಲೀಕನ ಅಗತ್ಯವಿಲ್ಲ. 18ರಿಂದ 70 ವರ್ಷದೊಳಗಿನವರಿಗೆ, 2022ರ ಜೂನ್‌ನಿಂದ ವರ್ಷಕ್ಕೆ 20 ರೂಪಾಯಿ ಕಂತಿನಲ್ಲಿ, ಅಪಘಾತದ ಸಾವಿಗೆ 2 ಲಕ್ಷ ರೂಪಾಯಿ ದೊರೆಯುತ್ತದೆ. ಹಾವು ಕಡಿತದ ಸಾವೂ ಇದರಲ್ಲಿ ಸೇರಿದೆ. ಆದರೆ ಅದಕ್ಕೆ ತಕ್ಷಣದ ಆಸ್ಪತ್ರೆ ದಾಖಲೆಯ ಆಧಾರ ಬೇಕೆಂಬುದು ನಿಯಮ. ಜನಪದ ನಂಬಿಕೆಯೂ ವಿಮೆಯೂ ಎದುರಾಗುವುದು ಈ ನಿಯಮದ ಬಳಿ.

ಉತ್ತರ ಕರ್ನಾಟಕದ ಆಡುಮಾತಿನಲ್ಲಿ, ಅದರಲ್ಲೂ ರಾತ್ರಿವೇಳೆ, ಹಾವಿನ ಹೆಸರೆತ್ತುವುದಿಲ್ಲ, ‘ಹುಳ’ ಎನ್ನುತ್ತಾರೆ. ಕಚ್ಚಿತು ಎನ್ನದೆ ‘ಹುಳ ಮುಟ್ಟೈತಿ’ ಎನ್ನುತ್ತಾರೆ. ಜೇಮ್ಸ್ ಫ್ರೇಜರ್ ವಿಸ್ತಾರವಾಗಿ ಚರ್ಚಿಸಿರುವ ವರ್ಜಿತ ಪದಗಳ ಸಾಲಿಗೆ ಸೇರುವ ಬಳಕೆಯಿದು. ಹೆಸರಿಸಿದರೆ ಬರುತ್ತದೆ, ಮೃದುವಾಗಿ ಕರೆದರೆ ಶಾಂತವಾಗುತ್ತದೆ ಎಂಬ ಭಾವನೆ ಇದರ ಹಿಂದಿದೆ. ಮುಟ್ಟಿದ್ದನ್ನು ಮಂತ್ರ ಹಾಕಿಸಿ ಇಳಿಸುವುದು, ಊರಗುಡಿಯ ಮುಂದೆ ಮಲಗಿಸುವುದು, ಬೇವಿನೆಲೆ ತಿನ್ನಿಸಿ ಕಹಿ ತಿಳಿಯುತ್ತದೆಯೇ ಎಂದು ವಿಷ ಪರೀಕ್ಷಿಸುವುದು ಈ ಭಾವನೆಯ ಆಚರಣಾ ರೂಪಗಳು. ಕಟ್ಟುಹಾವಿನ ಕಡಿತದಲ್ಲಿ ಗಾಯದ ಗುರುತೂ ನೋವೂ ಕಾಣದಿರಬಹುದು. ನೆಲದ ಮೇಲೆ ಮಲಗಿದವರು ನಿದ್ದೆಯಲ್ಲಿಯೇ ಕಡಿತಕ್ಕೆ ಒಳಗಾಗುತ್ತಾರೆ. ಇಂಥಲ್ಲಿ ಗುಡಿಯ ಮುಂದೆ ಕಳೆದ ಗಂಟೆಗಳು ಪ್ರತಿವಿಷದ ಚುಚ್ಚುಮದ್ದಿಗೆ ಸಲ್ಲಬೇಕಾದ ಗಂಟೆಗಳು. ಜೀವವೂ ಹೋಗುತ್ತದೆ, ಆಸ್ಪತ್ರೆಯ ದಾಖಲೆ ಇಲ್ಲದೆ ಪರಿಹಾರವೂ ಹೋಗುತ್ತದೆ. 2000ರಿಂದ 2019ರವರೆಗೆ ಭಾರತದಲ್ಲಿ ಹಾವು ಕಡಿತದಿಂದ ಸುಮಾರು 12 ಲಕ್ಷ ಜನ ಸತ್ತಿರಬಹುದೆಂಬ ಅಂದಾಜು 2020ರಲ್ಲಿ ಪ್ರಕಟವಾಗಿದೆ. 2024ರಲ್ಲಿ ಕರ್ನಾಟಕ ಸರ್ಕಾರವು ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಅಧಿಸೂಚಿಸಿದೆ. ಆದರೆ ಆಸ್ಪತ್ರೆಗೆ ಬಾರದ ಸಾವು ವರದಿಗೂ ಬರಲಾರದು.

ಕ್ರಿಮಿನಾಶಕದ ವಿಷಯದಲ್ಲಿ ಭಾಷೆ ಇನ್ನೊಂದು ಬಗೆಯಲ್ಲಿ ಕೆಲಸ ಮಾಡುತ್ತದೆ. ಹೊಲಕ್ಕೆ ಹೊಡೆಯುವ ವಿಷಕ್ಕೆ ‘ಔಷಧ’, ‘ಎಣ್ಣಿ’ ಎಂಬ ಹೆಸರುಗಳಿವೆ. ಬೆಳೆಗೆ ಔಷಧವಾದದ್ದು ಮೈಗೆ ವಿಷವೆಂಬ ಎಚ್ಚರವನ್ನು ಈ ಹೆಸರು ಮಂಕಾಗಿಸುತ್ತದೆ. ಡಬ್ಬಿಯ ಮೇಲಿನ ಕೆಂಪು ತ್ರಿಕೋನ ಅತಿ ತೀವ್ರ ವಿಷದ ಗುರುತೆಂಬುದು ಓದು ಬಾರದವರಿಗೂ ತಿಳಿಯಲೆಂದು ಇಟ್ಟ ಚಿಹ್ನೆ. ಆದರೆ ಕೆಂಪು ನಮ್ಮಲ್ಲಿ ಕುಂಕುಮದ, ಮಂಗಳದ ಬಣ್ಣವೂ ಹೌದು. ಸಾವು ಸಂಭವಿಸಿದಾಗ ‘ಔಷಧದಿಂದ ಸತ್ತ’ ಎಂಬ ಮನೆಯವರ ಮಾತು ಸಿಂಪಡಣೆಯ ಅವಘಡವನ್ನೂ ಹೇಳಬಹುದು, ಆತ್ಮಹತ್ಯೆಯನ್ನೂ ಹೇಳಬಹುದು. ಅಪಘಾತ ವಿಮೆಯಲ್ಲಿ ಮೊದಲನೆಯದಕ್ಕೆ ಪರಿಹಾರವುಂಟು, ಎರಡನೆಯದಕ್ಕಿಲ್ಲ. ಬರೆದುಕೊಳ್ಳುವವರು ಮರುಪ್ರಶ್ನೆ ಕೇಳದಿದ್ದರೆ ಒಂದು ಪದದ ಅಸ್ಪಷ್ಟತೆ ಕುಟುಂಬದ ಹಕ್ಕನ್ನೇ ಕಸಿಯಬಲ್ಲದು.

ಸಮಾರೋಪ

ಸಾವಿನ ಮಾತೆತ್ತಿದರೆ ‘ಬಿಡ್ತು ಅನ್ನು’ ಎನ್ನುವ ಸಮಾಜಕ್ಕೆ, ಸಾವನ್ನು ಮೊದಲೇ ಎಣಿಸಿ ಕಂತು ಕಟ್ಟುವ ವಿಮೆ ಅಪಶಕುನವಾಗಿ ತೋರಿದರೆ ಅಚ್ಚರಿಯಿಲ್ಲ. ಆದರೆ ಅದೇ ಸಮಾಜಕ್ಕೆ ಮುಯ್ಯಿ ಅಪರಿಚಿತವಲ್ಲ. ಕಾಣದ ಸಾವಿರಾರು ಜನರೊಡನೆ ಮಾಡಿಕೊಂಡ ಮುಯ್ಯಿಯೆಂದು ವಿಮೆಯನ್ನು ವಿವರಿಸಿದರೆ ಅದು ಕೂಲಿಕಾರರಿಗೂ ಗಿರಣಿ ಮಾಲೀಕರಿಗೂ ಸುಲಭವಾಗಿ ಅರ್ಥವಾದೀತು. ವ್ಯತ್ಯಾಸವಿರುವುದು ಸಾಕ್ಷ್ಯದಲ್ಲಿ: ಮುಯ್ಯಿಗೆ ಊರಿನ ನೆನಪು ಸಾಕು, ವಿಮೆಗೆ ಕಾಗದ ಬೇಕು.

ಆದ್ದರಿಂದ ಈ ಭಾಗದ ದುಡಿಮೆಯ ಪದಗಳನ್ನು, ನಿಷೇಧಗಳನ್ನು, ಚಿಕಿತ್ಸಾ ಆಚರಣೆಗಳನ್ನು ಸಂಗ್ರಹಿಸುವ ಕಾರ್ಯ ಕೋಶರಚನೆಗಷ್ಟೇ ಸೀಮಿತವಾಗಬಾರದು. ರಾಯಚೂರಿನ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿ, ದೇವದುರ್ಗ ಮತ್ತು ಮಾನ್ವಿಯ ತಾಲ್ಲೂಕು ಆಸ್ಪತ್ರೆಗಳಲ್ಲಿ, ಬ್ಯಾಂಕು ಹಾಗೂ ಠಾಣೆಗಳಲ್ಲಿ ದಾಖಲೆ ಬರೆಯುವವರ ಕೈಗೆ ಅಂಥ ಪದಸಂಗ್ರಹ ತಲುಪಬೇಕು. ‘ಹುಳ ಮುಟ್ಟಿತು’ ಎಂದಾಗ ಹಾವು ಕಡಿದಿದೆ ಎಂದು ಅವರು ಅರಿತು ಬರೆಯುವಂತಾದರೆ, ಮಂತ್ರ ಹಾಕುವವರೇ ಮೊದಲು ಆಸ್ಪತ್ರೆಗೆ ಕಳುಹಿಸುವಂತಾದರೆ, ಜಾನಪದ ಅಧ್ಯಯನವು ತಾನು ಅಭ್ಯಸಿಸುವ ಜನರ ಋಣವನ್ನು ಒಂದಿಷ್ಟಾದರೂ ತೀರಿಸಿದಂತಾಗುತ್ತದೆ.